ಬೆರಳಗಲದ ತೊಗಟೆ

ಈಗ ಈ ಕೆಲಸಕ್ಕೆ ಸೇರುತ್ತಿರುವವರು ನನ್ನನ್ನು ಕಂಡಾಗ ಎರಡೇ ಮಾತು ಕೇಳುತ್ತಾರೆ. ಯಾವ ತಾಲ್ಲೂಕು ಒಳ್ಳೆಯದು, ಪ್ರಮೋಷನ್ ಎಷ್ಟು ವರ್ಷಕ್ಕೆ ಆಗುತ್ತದೆ. ಎರಡಕ್ಕೂ ನನ್ನಲ್ಲಿ ಉತ್ತರವಿಲ್ಲ. ತೋಟಗಾರಿಕೆ ಸಹಾಯಕನಾಗಿ ಸೇರಿ ಹೆಚ್ಚುಕಡಿಮೆ ಹಾಗೆಯೇ ನಿವೃತ್ತನಾದವನು ನಾನು. ಗುಬ್ಬಿ, ಕುಣಿಗಲ್, ಕೊನೆಗೆ ತುಮಕೂರು. ಮೂರು ಊರಿನಲ್ಲೂ ಬಾಡಿಗೆ ಕೋಣೆ, ಪಂಪ್ ಸ್ಟವ್, ಮೊದಲು ಸೈಕಲ್ಲು, ಆಮೇಲೆ ಮೊಪೆಡ್ಡು. ಮದುವೆಯಾಗಲಿಲ್ಲ, ಯಾಕೆ ಎಂಬುದು ಇಲ್ಲಿ ಬೇಡ.

ಹಗಲೆಲ್ಲ ಮಾತಾಡುವ ಕೆಲಸ ಇದು. ಆದರೂ ಇಷ್ಟು ಒಂಟಿಯಾದ ಕೆಲಸ ಇನ್ನೊಂದಿಲ್ಲ ಎಂದು ನನಗೆ ಅನ್ನಿಸಿದೆ. ಇನ್ನೊಬ್ಬರ ತೋಟದಲ್ಲಿ ನಿಂತು ಅವರ ಗಿಡದ ಕಷ್ಟ ಕೇಳಿ, ಇನ್ನೊಬ್ಬರ ಜಗಲಿಯ ಮೇಲೆ ಕೂತು ಕಾಫಿ ಕುಡಿದು, ಸಂಜೆ ಬಂದು ಬೀಗ ತೆಗೆದರೆ ಬೆಳಿಗ್ಗೆ ಇಟ್ಟ ಲೋಟ ಇಟ್ಟಲ್ಲೇ ಇರುತ್ತದೆ. ಹೊಸಬರು ಇದಕ್ಕೆ ಸಿದ್ಧರಾಗಿರಬೇಕು. ಇದನ್ನು ಟ್ರೈನಿಂಗಿನಲ್ಲಿ ಯಾರೂ ಹೇಳುವುದಿಲ್ಲ.

ನನ್ನ ಮೊದಲ ಪಾಠ ಗುಬ್ಬಿಯಲ್ಲಿ ಆಯಿತು. ತೊಂಬತ್ತರ ದಶಕದ ಮೊದಲ ವರ್ಷಗಳು. ಆ ಸೀಮೆಯ ತೆಂಗಿಗೆ ಕಪ್ಪು ತಲೆ ಹುಳು ಬಿದ್ದು ಗರಿಗಳೆಲ್ಲ ಸುಟ್ಟ ಹಾಗೆ ಕಾಣುತ್ತಿದ್ದವು. ಎತ್ತರದ ಮರಕ್ಕೆ ಔಷಧ ಹೊಡೆಯಲಾಗುವುದಿಲ್ಲ, ಹಾಗಾಗಿ ಬೇರಿನ ಮೂಲಕ ಉಣಿಸಬೇಕಾಗಿತ್ತು. ಬುಡದ ಪಕ್ಕ ಅಗೆದು, ಪೆನ್ಸಿಲ್ ದಪ್ಪದ ನಸುಗೆಂಪು ಬೇರೊಂದನ್ನು ಹುಡುಕಿ, ತುದಿಯನ್ನು ಓರೆಯಾಗಿ ಕತ್ತರಿಸಿ, ಔಷಧ ತುಂಬಿದ ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿ ದಾರ ಕಟ್ಟುವುದು. ಮಾರನೆಯ ದಿನ ಹೋಗಿ ನೋಡಿದರೆ ಚೀಲ ಬರಿದಾಗಿರುತ್ತಿತ್ತು. ಕೆಲವು ಬೇರು ಮಾತ್ರ ಒಂದು ಹನಿಯೂ ಕುಡಿಯುತ್ತಿರಲಿಲ್ಲ. ಅದೇ ಮರದ ಇನ್ನೊಂದು ಬೇರು ಗಟಗಟ ಕುಡಿದಿರುತ್ತಿತ್ತು.

"ಅದುಕ್ಕೆ ಬ್ಯಾಡ ಅನ್ಸೈತೆ ಬುಡಿ ಸಾರ್" ಎಂದು ತೋಟದವರೊಬ್ಬರು ಸಹಜವಾಗಿ ಹೇಳಿದರು. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ತಿಂಗಳ ಮೀಟಿಂಗಿನಲ್ಲಿ ನಮ್ಮ ಸಾಹೇಬರನ್ನು ಕೇಳಿಯೇಬಿಟ್ಟೆ.

"ಸಾರ್, ಬೇರಿಗೆ ಬೇಕು ಬೇಡ ಅಂತ ಗೊತ್ತಾಗುತ್ತಾ? ಕತ್ತರಿಸಿದಾಗ ನೋವಾಗುತ್ತಾ?"

ಸಾಹೇಬರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಕೆಟ್ಟವರಲ್ಲ, ಕೆಲಸ ಬಲ್ಲವರು. "ನೋಡ್ರೀ, ಗಿಡ ನಮ್ಮ ಇಲಾಖೆ. ನೋವು ಆರೋಗ್ಯ ಇಲಾಖೆ. ನೀವು ರಿಪೋರ್ಟ್ ಕೊಡಿ" ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಮೂವತ್ತು ವರ್ಷ ಯಾವ ಮೀಟಿಂಗಿನಲ್ಲೂ ಆ ಪ್ರಶ್ನೆ ಎತ್ತಲಿಲ್ಲ. ಆದರೆ ಓದುತ್ತಿದ್ದೆ. ಮುಟ್ಟಿದರೆ ಮುನಿ ಗಿಡಕ್ಕೆ ಮತ್ತಿನ ಔಷಧ ಕೊಟ್ಟರೆ ಅದು ಮುನಿಯುವುದನ್ನು ಮರೆಯುತ್ತದೆಯಂತೆ. ಎಲೆಗೆ ಹುಳು ಕಡಿದರೆ ಗಿಡ ತನ್ನ ಬೇರೆ ಎಲೆಗಳನ್ನು ಕಹಿ ಮಾಡಿಕೊಳ್ಳುತ್ತದೆಯಂತೆ. ಇದಕ್ಕೆ ಅರಿವು ಎನ್ನಬಹುದೋ, ಗಡಿಯಾರದ ಮುಳ್ಳು ತಿರುಗಿದ ಹಾಗೆ ಬರೀ ಒಂದು ವ್ಯವಸ್ಥೆಯೋ? ಓದಿದ್ದನ್ನು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಸ್ಟವ್ ಮುಂದೆ ಕೂತು ಹುರುಳೀಕಾಯಿ ಮುರಿಯುತ್ತ ನನ್ನಷ್ಟಕ್ಕೆ ನಾನೇ ವಾದ ಮಾಡಿಕೊಳ್ಳುತ್ತಿದ್ದೆ.

ಮುಂದೆ ಹೇಳುವುದು ಕುಣಿಗಲ್ಲಿಗೆ ವರ್ಗವಾದ ಮೇಲಿನದು. ನನ್ನ ಸರ್ವೀಸಿನಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಕಡತದಲ್ಲಿ ಎಲ್ಲೂ ಇಲ್ಲ.

ಹುತ್ರಿದುರ್ಗದ ಬೆಟ್ಟದ ಕೆಳಗಿನ ಒಂದು ಹಳ್ಳಿಗೆ ತೆಂಗಿನ ಸಸಿ ಹಂಚಲು ಹೋಗಿದ್ದೆ. ಕೆಲಸ ಮುಗಿಸಿ ರಸ್ತೆಗೆ ಬಂದು ನಿಂತಿದ್ದಾಗ ಚಿಕ್ಕಣ್ಣ ಎಂಬ ರೈತ ಹತ್ತಿರ ಬಂದರು. ಅಲ್ಲಿಯೇ ಮೂರು ಎಕರೆ ಇಟ್ಟುಕೊಂಡಿದ್ದವರು, ಐವತ್ತೈದರ ಆಸುಪಾಸು.

"ಸಾರ್, ಮನೆ ಹಿಂದ್ಲ ಮಾವಿನ ಮರ ಏಳೆಂಟು ವರ್ಸದಿಂದ ಕಾಯೇ ಕಚ್ಚಿಲ್ಲ. ಕಡ್ಸಿಬುಡಾನ ಅಂತಿದೀನಿ."

"ಕಡೀಬೇಡಿ. ಒಂದು ಉಂಗುರ ತೊಗಟೆ ತೆಗೀರಿ. ಹೂ ಬಿಡುತ್ತೆ."

"ಉಂಗ್ರಾನಾ? ಸುತ್ತಾನಾ?"

"ಹೂಂ, ಸುತ್ತ."

ಅಷ್ಟರಲ್ಲಿ ಬಸ್ಸು ಬಂತು. ನಾನು ಹತ್ತಿಕೊಂಡೆ.

ಕೆಲಸಕ್ಕೆ ಹೊಸಬರು ಇದನ್ನು ಗಮನವಿಟ್ಟು ಓದಬೇಕು. ಉಂಗುರ ತೆಗೆಯುವುದು ಕಾಂಡಕ್ಕಲ್ಲ, ಕೊಂಬೆಗೆ. ಅದೂ ಒಂದೆರಡು ಕೊಂಬೆಗೆ. ಅಗಲ ಬೆರಳಿನಷ್ಟು, ಮೀರಬಾರದು. ಆಗ ಒಂದು ಮಳೆಗಾಲದಲ್ಲಿ ತೊಗಟೆ ಮತ್ತೆ ಕೂಡಿಕೊಳ್ಳುತ್ತದೆ. ಎಲೆ ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಮೂಲಕ. ಅದನ್ನು ತಡೆದರೆ ಆಹಾರ ಮೇಲೆಯೇ ನಿಂತು ಹೂವಾಗುತ್ತದೆ. ಕಾಂಡಕ್ಕೇ ಅಗಲವಾಗಿ ಕೆತ್ತಿದರೆ ಇಡೀ ಮರ ಹೂವಾಗುತ್ತದೆ, ಬೇರು ಹಸಿವಿನಿಂದ ಸಾಯುತ್ತದೆ. ಇಷ್ಟನ್ನೂ ನಾನು ಬಲ್ಲೆ. ಹೇಳಲಿಲ್ಲ. ಮರದ ಹತ್ತಿರ ಹೋಗಿ ಬೆರಳಿಟ್ಟು ತೋರಿಸಲಿಲ್ಲ. ಇನ್ನೊಂದು ಗಂಟೆಗೆ ಇನ್ನೊಂದು ಬಸ್ಸಿತ್ತು.

ಮುಂದಿನ ಬೇಸಿಗೆಯಲ್ಲಿ ಚಿಕ್ಕಣ್ಣ ಆಫೀಸಿಗೆ ಒಂದು ಮಂಕರಿ ಹಣ್ಣು ಕಳಿಸಿದರು. ನಾಟಿ ಹಣ್ಣು, ನಾರು ಜಾಸ್ತಿ, ಆದರೆ ಜೇನಿನಂಥ ರಸ. ಗುಮಾಸ್ತರಿಂದ ಹಿಡಿದು ಎಲ್ಲರೂ ತಿಂದರು. ನಾನು ನಾಲ್ಕು ತಿಂದೆ. ಆ ದಿನ ನನಗೆ ಎಷ್ಟು ಹೆಮ್ಮೆಯಾಗಿತ್ತೆಂದರೆ, ಸಂಜೆ ಕೋಣೆಗೆ ಹೋದ ಮೇಲೆ ಯಾರಿಗಾದರೂ ಹೇಳಬೇಕೆನ್ನಿಸಿ, ಮನೆ ಮಾಲೀಕರ ಬಾಗಿಲು ತಟ್ಟಿ ಒಂದು ಹಣ್ಣು ಕೊಟ್ಟು ಬಂದೆ.

ಆ ಹಳ್ಳಿಗೆ ಮತ್ತೆ ಹೋಗಿದ್ದು ಮೂರು ವರ್ಷದ ಮೇಲೆ, ಹನಿ ನೀರಾವರಿಯ ಪಟ್ಟಿ ಮಾಡಲು. ಬಿಸಿಲು ಜೋರಾಗಿತ್ತು. ಒಂದು ಮನೆಯ ಮುಂದೆ ನಿಂತು ನೀರು ಕೇಳಿದೆ. ಒಬ್ಬ ಹೆಂಗಸು ಮಜ್ಜಿಗೆಯನ್ನೇ ತಂದುಕೊಟ್ಟರು. ಒಳಗೆ ಗೋಡೆಯ ಮೇಲೆ ಹಾರ ಹಾಕಿದ ಫೋಟೋ. ಚಿಕ್ಕಣ್ಣನವರದು. ಹಿತ್ತಿಲ ಬಾಗಿಲು ತೆರೆದಿತ್ತು. ಅದರಾಚೆ ಒಂದು ದೊಡ್ಡ ಮಾವಿನ ಮರ, ಒಂದೂ ಎಲೆಯಿಲ್ಲದೆ ಬೂದಿ ಬಣ್ಣಕ್ಕೆ ತಿರುಗಿ ನಿಂತಿತ್ತು. ಸೊಂಟದೆತ್ತರದಲ್ಲಿ ಅಂಗೈಯಗಲದ ಉಂಗುರ. ಅಚ್ಚುಕಟ್ಟಾಗಿ ಸುತ್ತಲೂ ಕೆತ್ತಿದ್ದರು.

ಆಕೆಯ ಹೆಸರು ನಿಂಗಮ್ಮ. ಮಕ್ಕಳಿರಲಿಲ್ಲ. ಗಂಡ ಎದೆನೋವಿನಿಂದ ಹೋಗಿ ವರ್ಷವಾಗಿತ್ತು. ಪಕ್ಕದ ಮನೆಯಲ್ಲಿ ತಂಗಿ ಕೆಂಪಮ್ಮನ ಸಂಸಾರ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ಅಕ್ಕ ಎಂದೇ ಕರೆದೆ.

"ಅಕ್ಕ, ಮರ ಒಣಗಿದೆಯಲ್ಲ."

"ಒಂದ್ ವರ್ಸ ಬುಟ್ತು ನೋಡಪ್ಪ, ಎಲೆ ಕಾಣ್ದಂಗೆ. ಊರಿಗೆಲ್ಲಾ ಹಂಚಿದ್ವಿ. ಉಪ್ಪಿನಕಾಯಿ ಹಾಕಿದ್ವಿ. ನಂಟ್ರುನ್ನೆಲ್ಲಾ ಕರ್ದು ಸೀಕರಣೆ ಬಡಿಸ್ದೆ. ಆಮ್ಯಾಕೆ ಒಂದೊಂದೇ ಕೊಂಬೆ ಒಣಗ್ತಾ ಬಂತು." ಅವರು ಹಿತ್ತಿಲ ಕಡೆ ನೋಡಿದರು. "ಸಾಯೋ ಮುಂದೆ ಇರೋದೆಲ್ಲಾ ಹೊರಗಾಕ್ಬುಟ್ಟೈತೆ. ನಾವು ಹಬ್ಬ ಅಂದ್ಕಂಡು ತಿಂದ್ವಿ."

ಮರ ಒಣಗಿದಂದಿನಿಂದ ಅವರು ಯಾವ ಗಿಡದ ಮೇಲೂ ಕೈಯಿಟ್ಟಿರಲಿಲ್ಲ. ಸೊಪ್ಪು ಕೊಯ್ಯುತ್ತಿರಲಿಲ್ಲ, ಕಾಯಿ ಬಿಡಿಸುತ್ತಿರಲಿಲ್ಲ, ಗೆಡ್ಡೆ ಕೀಳುತ್ತಿರಲಿಲ್ಲ. ಬೇರೆಯವರು ಕಿತ್ತಿದ್ದನ್ನೂ ತಿನ್ನುತ್ತಿರಲಿಲ್ಲ. ತಾನಾಗಿ ಬಿದ್ದ ಸೀಬೆ, ನೇರಳೆ, ಹುಣಿಸೆ. ತಂಗಿಯ ಮನೆಯ ಹಾಲು ಮಜ್ಜಿಗೆ. ಪೈರು ಪೂರಾ ಒಣಗಿ ಜೀವ ಬಿಟ್ಟ ಮೇಲೆ ಕೊಯ್ದ ರಾಗಿ. ಬಹುಪಾಲು ರಾಗಿಯೇ.

"ಅದುಕ್ಕೆ ನೋವಾಗ್ತದೋ ಇಲ್ವೋ ನಂಗೇನು ಗೊತ್ತಪ್ಪ? ಆಗಲ್ಲ ಅಂತ ನಿಂಗೆ ಗೊತ್ತಾ?" ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ. ನಿಜವಾಗಿ ತಿಳಿಯಲು ಕೇಳಿದ್ದು.

ಎಷ್ಟೋ ವರ್ಷದಿಂದ ನಾನು ಹೊತ್ತುಕೊಂಡು ತಿರುಗಿದ ಪ್ರಶ್ನೆ ಅದು. ಕೊನೆಗೂ ಜೊತೆಗೆ ಕೂತು ಮಾತಾಡಬಲ್ಲ ಒಬ್ಬರು ಸಿಕ್ಕಿದ್ದರು. ಆದರೆ ಎದುರಿಗೆ ಆ ಉಂಗುರ ಕಾಣುತ್ತಿತ್ತು. ಆ ಸಲಹೆ ಕೊಟ್ಟಿದ್ದು ನಾನೇ ಎಂದು ಬಾಯಿಬಿಡಲು ಧೈರ್ಯ ಬರಲಿಲ್ಲ. ತಪ್ಪು ಮಾಡಿದವನು ಜಾಣನಾಗುತ್ತಾನೆ. ನಾನೂ ಆದೆ.

"ಅಷ್ಟೆಲ್ಲ ಯೋಚನೆ ಮಾಡೋರು ರಾಗಿ ಹೇಗೆ ತಿಂತೀರಿ ಅಕ್ಕ? ಪೈರು ಒಣಗಿದ್ರೂ ಕಾಳಿಗೆ ಜೀವ ಇರುತ್ತಲ್ಲ. ಒಂದೊಂದು ಕಾಳೂ ಒಂದೊಂದು ಗಿಡ. ಒಂದು ಮುದ್ದೆಗೆ ಎಷ್ಟು ಸಾವಿರ ಗಿಡ ಆಯ್ತು?"

ಹೇಳಿ ನಕ್ಕೆ. ಇದನ್ನು ಕೇಳಿದರೆ ತಮ್ಮ ವ್ರತ ಅರ್ಥವಿಲ್ಲದ್ದು ಎಂದು ಅವರಿಗೆ ತಿಳಿಯುತ್ತದೆ, ನಾಳೆಯಿಂದ ಎಲ್ಲರ ಹಾಗೆ ಉಣ್ಣುತ್ತಾರೆ, ನನ್ನ ಉಂಗುರವೂ ಮರೆತುಹೋಗುತ್ತದೆ ಎಂದು ನನ್ನ ಲೆಕ್ಕ.

ಅವರು ನಗಲಿಲ್ಲ. "ಹೌದಲ್ವಾ" ಎಂದರು. ಅಷ್ಟೇ. ನಾನು ಲೋಟ ಕೆಳಗಿಟ್ಟು ಹೊರಟೆ.

ನಾಲ್ಕು ತಿಂಗಳಾಗಿರಬೇಕು. ಅವರೆಕಾಯಿ ಕಾಲ. ಕುಣಿಗಲ್ಲಿನ ನಮ್ಮ ಆಫೀಸಿನ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದರು. ಕೆಂಪಮ್ಮ.

"ಗಿಡದ್ ಸಾರ್ ಅಂದ್ರೆ ನೀವೇನಾ? ನಮ್ಮಕ್ಕುಂಗೆ ಏನೇಳಿದ್ರಿ ನೀವು?"

ನಾನು ಎದ್ದು ನಿಂತೆ.

"ಮುದ್ದೆ ಬುಟ್ಟವ್ಳೆ. ಕೇಳುದ್ರೆ, ಕಾಳಿಗೂ ಜೀವ ಐತಂತೆ, ಆಫೀಸ್ನೋರೇ ಹೇಳವ್ರೆ ಅಂತಾಳೆ. ಎದ್ದೋಡಾಡಕ್ಕಾಗ್ತಿಲ್ಲ ಅವ್ಳ ಕೈಲಿ. ನೀವೇ ಬಂದು ಉಣ್ಣಂಗೆ ಹೇಳಿ."

ಹೋಗಿ ನೋಡಿದೆ. ಗೋಡೆಗೆ ಒರಗಿ ಕೂತಿದ್ದರು. ರವಿಕೆಯ ತೋಳು ಸಡಿಲವಾಗಿ ಜೋತುಬಿದ್ದಿತ್ತು. ಬಿದ್ದ ಹಣ್ಣು ಆ ಕಾಲದಲ್ಲಿ ಎಷ್ಟು ಸಿಕ್ಕೀತು? ಬರೀ ಮಜ್ಜಿಗೆಯ ಮೇಲಿದ್ದರು. ನನ್ನನ್ನು ಕಂಡು "ಬಾರಪ್ಪ" ಎಂದರು, ಕೋಪವಿಲ್ಲದೆ. ನಾನು ಆಡಿದ್ದು ತಮಾಷೆಗೆ ಎಂದೆ. "ತಮಾಸೆ ಆದ್ರೂ ನಿಜ ಅಲ್ವಾ?" ಎಂದರು.

ನನಗೆ ಬರುವುದು ಒಂದೇ ವಿದ್ಯೆ. ಕೆಂಪಮ್ಮನ ಮನೆಯಲ್ಲಿ ಬಹಳ ವರ್ಷ ಹಗೇವಿನೊಳಗೆ ಇದ್ದ ಹಳೇ ರಾಗಿ ಒಂದು ಮೂಟೆ ಇತ್ತು. ನೆಲದಡಿಯ ಆ ಕಣಜದಲ್ಲಿ ಅಷ್ಟು ಕಾಲ ಇದ್ದ ಕಾಳು ಮೊಳೆಯುವುದು ಕಡಿಮೆ. ಒಂದು ಹಿಡಿ ತೆಗೆದು, ಒದ್ದೆ ಬಟ್ಟೆಯಲ್ಲಿ ಸಾಲಾಗಿ ಹರಡಿ ಸುತ್ತಿ, ದಿನಾ ನೀರು ಚಿಮುಕಿಸಲು ಹೇಳಿ ಬಂದೆ. ಬೀಜದ ಪರೀಕ್ಷೆ ಮಾಡುವುದು ಹೀಗೆಯೇ. ಐದನೆಯ ದಿನ ಹೋಗಿ ನಿಂಗಕ್ಕನ ಮುಂದೆ ಬಟ್ಟೆ ಬಿಚ್ಚಿದೆ.

"ನೋಡಿ ಅಕ್ಕ. ಇದರಲ್ಲಿ ಜೀವ ಇಲ್ಲ. ಇದನ್ನ ತಿನ್ನಬಹುದು."

ಅವರು ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದರು. ಕಪ್ಪಾಗಿ ಸತ್ತ ಕಾಳುಗಳ ನಡುವೆ ನಾಲ್ಕೈದು ಕಡೆ ಕೂದಲೆಳೆಯಂಥ ಬಿಳಿ ಬೇರು ಹೊರಟಿತ್ತು. ಅವರು ಅದನ್ನು ಬೆರಳಿನಿಂದ ಮುಟ್ಟಲಿಲ್ಲ, ತೋರಿಸಿದರು.

"ಇವು?"

ಕೆಂಪಮ್ಮ ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದರು. ನಾನು ಬಟ್ಟೆ ಮಡಚಿಕೊಂಡೆ.

ಎರಡು ದಿನಕ್ಕೆ ನಿಂಗಕ್ಕ ಹಿತ್ತಿಲಲ್ಲಿ ಕುಸಿದು ಬಿದ್ದರು. ಕುಣಿಗಲ್ಲಿನ ಆಸ್ಪತ್ರೆಗೆ ತಂದು ಸೇರಿಸಿದರು. ಡಾಕ್ಟರಮ್ಮ ನನ್ನನ್ನು ಯಾರೆಂದು ಕೇಳಿದರು. ಏನೆಂದು ಹೇಳುವುದು? "ಪರಿಚಯದವನು" ಎಂದೆ. ಕೈಗೆ ಡ್ರಿಪ್ ಹಾಕಿದ್ದರು. ನಿಂಗಕ್ಕ ಕಣ್ಣು ಬಿಟ್ಟು, ಮೇಲೆ ತೂಗುತ್ತಿದ್ದ ಬಾಟಲಿಯನ್ನೇ ನೋಡುತ್ತಿದ್ದರು.

"ಅದೇನಪ್ಪ?"

"ಗ್ಲೂಕೋಸು ಅಕ್ಕ."

"ಯಾತರಲ್ಲಿ ಮಾಡದು?"

ಮುಸುಕಿನ ಜೋಳದ ಹಿಟ್ಟಿನಿಂದ ಮಾಡುತ್ತಾರೆ. ನನಗೆ ಚೆನ್ನಾಗಿ ಗೊತ್ತಿತ್ತು. "ಕಾರ್ಖಾನೆದು. ಯಾವ ಗಿಡದ್ದೂ ಅಲ್ಲ" ಎಂದೆ. ಅವರು ಕಣ್ಣು ಮುಚ್ಚಿದರು.

ಮೂರು ದಿನ ಆಫೀಸು ಮುಗಿಸಿ ಅಲ್ಲಿಗೆ ಹೋಗಿ ಕೂರುತ್ತಿದ್ದೆ. ಮುಖಕ್ಕೆ ಸ್ವಲ್ಪ ಕಳೆ ಬಂತು. ಪಕ್ಕದ ಮಂಚದವರ ಜೊತೆ ಎರಡು ಮಾತಾಡಿದರು. ಮೂರನೆಯ ಸಂಜೆ ನನ್ನಿಂದ ಇನ್ನು ಆಗುವುದಿಲ್ಲ ಎನ್ನಿಸಿತು. ಗ್ಲೂಕೋಸು ಯಾವುದರದು ಎಂದು ಹೇಳಿದೆ. ನಿಲ್ಲಿಸಿದರೆ ಮತ್ತೆ ಧೈರ್ಯ ಬರುವುದಿಲ್ಲವೆಂದು, ಮಾವಿನ ಮರಕ್ಕೆ ಉಂಗುರ ತೆಗೆಯಿರಿ ಎಂದಿದ್ದೂ ನಾನೇ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟೆ.

ಅವರು ಬಾಟಲಿಯ ಕಡೆ ನೋಡಿದರು. ಆಮೇಲೆ ಕೇಳಿದರು: "ಎಷ್ಟಗಲ ಅಂತ ಹೇಳಿದ್ದೆ?"

"ಹೇಳ್ಲಿಲ್ಲ."

"ಯಾಕೆ?"

"ಬಸ್ಸು ಬಂದ್ಬಿಟ್ಟಿತ್ತು."

ಅವರು ಗೋಡೆಯ ಕಡೆ ಮಗ್ಗುಲು ಬದಲಿಸಿದರು. ನಾನು ಎದ್ದು ಬಂದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಬೆಳಿಗ್ಗೆ ಹೆದರಿಕೊಂಡೇ ಹೋದೆ. ಡ್ರಿಪ್ಪನ್ನು ಕಿತ್ತು ಹಾಕಿರುತ್ತಾರೆ ಎಂದುಕೊಂಡಿದ್ದೆ. ಕೆಂಪಮ್ಮ ಒಂದು ಬಟ್ಟಲಲ್ಲಿ ರಾಗಿ ಗಂಜಿ ಹಿಡಿದಿದ್ದರು. ನಿಂಗಕ್ಕ ತಮ್ಮ ಕೈಯಿಂದಲೇ ಚಮಚದಲ್ಲಿ ಕುಡಿಯುತ್ತಿದ್ದರು. ನಾನು ಹತ್ತಿರ ಹೋಗುತ್ತಿದ್ದಂತೆ ಚಮಚ ಇಟ್ಟರು.

"ಮೂರ್ ದಿನದಿಂದ ಮೈಯಿ ತಿಂತಾನೇ ಐತಲ್ಲ, ನನ್ನ ಕೇಳ್ದೇನೇ. ಇನ್ ಬಾಯಿಗೊಂದು ಯಾಕೆ ಮೋಸ? ತಿಂತೀನಿ. ಆದ್ರೆ ತಪ್ಪಲ್ಲ ಅಂತ ಮಾತ್ರ ನಂಗೆ ಹೇಳಕ್ಕೆ ಬರ್ಬ್ಯಾಡ."

"ಇಲ್ಲ ಅಕ್ಕ."

"ನೀನಿನ್ನು ಹೋಗಪ್ಪ. ಕೆಲ್ಸ ಇರ್ತದೆ."

ಆಸ್ಪತ್ರೆಯಿಂದ ಅವರು ತಮ್ಮ ಕಾಲ ಮೇಲೆಯೇ ನಡೆದು ಹೊರಗೆ ಬಂದರಂತೆ. ಮತ್ತೆ ಅವರ ಮನೆಗೆ ಹೋಗಲು ನನಗೆ ಮುಖವಿರಲಿಲ್ಲ. ಅದಾದ ಮೇಲೆ ಕೆಲಸದಲ್ಲಿ ಒಂದು ವಿಷಯ ಬದಲಾಯಿತು. ಯಾರೇ ಸಲಹೆ ಕೇಳಲಿ, ಅವರ ಗಿಡದ ಹತ್ತಿರ ಹೋಗಿ, ಅವರ ಕೈಗೇ ಕುಡುಗೋಲು ಕೊಟ್ಟು, ಒಂದು ಸಲ ಮಾಡಿಸಿ, ಆಮೇಲೆ ಬರುತ್ತಿದ್ದೆ. ಎಷ್ಟೋ ಬಸ್ಸು ತಪ್ಪಿದವು. ಈಗ ನೀವು ಮೊಬೈಲಿನಲ್ಲಿ ಫೋಟೋ ತರಿಸಿಕೊಂಡು ಕೂತಲ್ಲೇ ಉತ್ತರ ಕಳಿಸುತ್ತೀರಿ. ಬೇಡ ಎನ್ನುವುದಿಲ್ಲ. ಒಂದು ಸಲ ಹೋಗಿ ಬನ್ನಿ.

ಎರಡು ಸಾವಿರದ ಇಸವಿ ದಾಟಿದ ಮೇಲೆ ತುಮಕೂರಿಗೆ ವರ್ಗವಾಯಿತು. ಬರೀ ಟೇಬಲ್ಲಿನ ಕೆಲಸ. ಶಿರಾ ಗೇಟಿನ ಹತ್ತಿರ ಒಂದು ಓಣಿಯಲ್ಲಿ ಕೋಣೆ ಹಿಡಿದೆ. ಓಣಿಯ ಬಾಯಲ್ಲಿ ಒಬ್ಬಾಕೆ ಬೆಳಿಗ್ಗೆ ಸೊಪ್ಪು ಹರಡಿಕೊಂಡು ಕೂರುತ್ತಿದ್ದರು. ಬೇರು ಸಮೇತ ಕಿತ್ತ ದಂಟು, ಮಣ್ಣು ಇನ್ನೂ ಹಸಿಯಾಗಿ. ಒಂದೆರಡು ಸಲ ತಂದೆ. ಕತ್ತರಿಸಲು ಕೂತರೆ ಕೈ ಓಡುತ್ತಿರಲಿಲ್ಲ. ವ್ರತ ಎಂದೇನೂ ಮಾಡಲಿಲ್ಲ; ಹಾಗೆಯೇ ಬಿಟ್ಟುಹೋಯಿತು. ಮೆಸ್ಸಿನಲ್ಲಿ ಅನ್ನ, ತಿಳಿಸಾರು, ಮಜ್ಜಿಗೆ. ಪಲ್ಯವನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದೆ. ಎದುರಿಗೆ ಕೂರುವವರು ದಿನಾ ಬೇರೆ ಬೇರೆ ಜನ. ನಾನೇನು ಉಂಡೆ, ಏನು ಬಿಟ್ಟೆ ಎಂದು ಗಮನಿಸುವವರು ಯಾರು? ಒಂದೆರಡು ವರ್ಷದಲ್ಲಿ ಮೆಟ್ಟಿಲು ಹತ್ತಿದರೆ ಕಣ್ಣು ಕತ್ತಲೆ ಬರತೊಡಗಿತು. ರಕ್ತ ಕಡಿಮೆಯಿದೆ, ಸೊಪ್ಪು ತಿನ್ನಿ ಎಂದು ಡಾಕ್ಟರು ಬರೆದುಕೊಟ್ಟರು. ಚೀಟಿ ಜೇಬಿನಲ್ಲೇ ಉಳಿಯಿತು.

ಒಂದು ಭಾನುವಾರ ಏನೋ ಅನ್ನಿಸಿ ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರು ದಾಟುವವರೆಗೂ ಇಳಿದು ವಾಪಸು ಹೋಗಿಬಿಡಲೇ ಎಂದುಕೊಳ್ಳುತ್ತಲೇ ಇದ್ದೆ. ಕುಣಿಗಲ್ಲಿನಲ್ಲಿ ಬಸ್ಸು ಬದಲಿಸಿ, ಬೆಟ್ಟದ ಕೆಳಗೆ ಇಳಿದು ನಡೆದೆ.

ನಿಂಗಕ್ಕನ ತಲೆ ಪೂರಾ ಬೆಳ್ಳಗಾಗಿತ್ತು. ಜಗಲಿಯ ಮೇಲೆ ಹುಣಿಸೆಹಣ್ಣಿನ ಸಿಪ್ಪೆ ಬಿಡಿಸುತ್ತಿದ್ದರು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು.

"ಗಿಡದ್ ಸಾರಲ್ವಾ? ಏನಪ್ಪ, ಹಿಂಗ್ ಒಣಗೀದೀಯ?"

ಕೂತೆ. ಅದೂ ಇದೂ ಕೇಳಿದರು. ಅವರು ಈಗಲೂ ರಾಗಿ, ಮಜ್ಜಿಗೆ, ಬಿದ್ದ ಹಣ್ಣು ಇಷ್ಟರಲ್ಲೇ ಇದ್ದರು. ಸೊಪ್ಪು ತರಕಾರಿ ಮುಟ್ಟಿರಲಿಲ್ಲ. ನಾನು ಏನು ಉಣ್ಣುತ್ತೇನೆಂದು ಕೇಳಿದರು. ಅಷ್ಟು ವರ್ಷದಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಎಲ್ಲ ಹೇಳಿದೆ, ಡಾಕ್ಟರ ಚೀಟಿಯ ವಿಷಯವನ್ನೂ. ಅವರು ಹುಣಿಸೆಹಣ್ಣನ್ನು ಪಕ್ಕಕ್ಕೆ ಸರಿಸಿದರು. "ಕೂತಿರು" ಎಂದು ಹೇಳಿ ಹಿತ್ತಿಲಿಗೆ ಹೋದರು.

ತಂಗಿಯ ಮನೆಯವರು ಹಾಕಿದ್ದ ದಂಟಿನ ಮಡಿ ಅಲ್ಲಿತ್ತು. ಬಾಗಿಲಿನಿಂದ ನನಗೆ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಬಗ್ಗಿ ಸ್ವಲ್ಪ ಹೊತ್ತು ಹಾಗೆಯೇ ಇದ್ದರು. ಆಮೇಲೆ ಕೈ ಮುಂದೆ ಹೋಯಿತು. ಒಂದೊಂದೇ ಗಿಡವನ್ನು ಹಿಡಿದು ಕೀಳುವ ಸದ್ದು ಕೇಳಿಸಿತು. ನಾನು ಎದ್ದು "ಅಕ್ಕ, ಬೇಡ" ಎಂದೆ. ಅವರು ತಿರುಗಿ ನೋಡಲಿಲ್ಲ.

ಬೇಯಿಸಿ, ಬಸಿದು, ಸಾರು ಮಾಡಿ, ಮುದ್ದೆ ಕಟ್ಟಿದರು. ಸೊಪ್ಪಿನ ಪಲ್ಯ ಒಗ್ಗರಣೆ ಹಾಕಿ ತಟ್ಟೆಯ ಪಕ್ಕಕ್ಕೆ ಬಡಿಸಿದರು. ತಮಗೆ ಒಂದು ಮುದ್ದೆ, ಒಂದು ಲೋಟ ಮಜ್ಜಿಗೆ.

"ಅಕ್ಕ, ನನ್ನಿಂದಾಗಿ ನೀವು..."

"ಕಿತ್ತಿದ್ದು ನಾನು. ನಿಂಗದ್ರ ಯೋಚ್ನೆ ಬ್ಯಾಡ. ಮಾತಾಡ್ದೆ ಉಣ್ಣು."

ನಾನು ಮಾತಾಡದೆ ಉಂಡೆ. ಅವರು ತಮ್ಮ ತಟ್ಟೆ ಮುಟ್ಟದೆ ಎದುರಿಗೆ ಕೂತು, ಕೊನೆಯ ತುತ್ತಿನವರೆಗೂ ನಾನು ಉಣ್ಣುವುದನ್ನೇ ನೋಡುತ್ತಿದ್ದರು.